ಯಾರ ಗೊಬ್ಬರ, ಯಾರ ಕಳೆ

ಅಪೋಲ್ಸ್ ತನ್ನ ತಂಗಿ ದ್ರೀಕಾಳ ಜೊತೆ ಮಾತು ಬಿಟ್ಟಿದ್ದ. ಬಿಟ್ಟಿದ್ದನೆಂದರೆ ಬೈಗುಳವನ್ನೂ ಬಿಟ್ಟಿದ್ದನೆಂದಲ್ಲ. ಅಷ್ಟು ದೊಡ್ಡ ತ್ಯಾಗ ಅವರ ವಂಶದಲ್ಲೇ ಇಲ್ಲ. ಬೈಯುವುದನ್ನೆಲ್ಲ ತನ್ನ ನಾಯಿ ಫ್ಲೆಕ್‌ಗೆ ಹೇಳುತ್ತಿದ್ದ, ಅವಳಿಗೆ ಕೇಳಿಸುವಷ್ಟು ಗಟ್ಟಿಯಾಗಿ. ಅವಳೂ ಉತ್ತರವನ್ನು ಫ್ಲೆಕ್‌ಗೇ ಕೊಡುತ್ತಿದ್ದಳು. ಬೆನ್ನ ಮೇಲೆ ಕಂದು ಮಚ್ಚೆಯಿದ್ದ ಆ ಬಡಪಾಯಿ ನಾಯಿ ಇಬ್ಬರ ನಡುವೆ ಕೂತು, ಯಾರು ಮಾತಾಡಿದರೆ ಅವರ ಕಡೆ ಕತ್ತು ತಿರುಗಿಸುತ್ತಿತ್ತು. ಕಾಮೀಸ್ ಬೆಟ್ಟದ ಸೀಮೆಯಲ್ಲಿ ಮಳೆ ಕಡಿಮೆ, ಜನ ಕಡಿಮೆ, ಹಗೆಗೆ ಮಾತ್ರ ಬರವಿಲ್ಲ. ರೂಯ್‌ಕ್ಲೋಫ್ ಊರಿನವರು ಇದನ್ನು ನೋಡಿ ನೋಡಿ ನಗುವುದನ್ನೂ ಬಿಟ್ಟಿದ್ದರು.

ಆ ಶನಿವಾರ ದ್ರೀಕಾ ತನ್ನ ಕತ್ತೆಗಾಡಿಯನ್ನು ಅಪೋಲ್ಸನ ಆಡಿನ ದೊಡ್ಡಿಯ ಮಗ್ಗುಲಲ್ಲೇ ನಿಲ್ಲಿಸಿ ಕಲ್ಲುಗೋಡೆಯಾಚೆ ಇಣುಕಿದಳು. ಒಳಗೆ ಮೊಣಕಾಲುದ್ದ ಗೊಬ್ಬರ, ಬೇಸಿಗೆಯ ಬಿಸಿಲಿಗೆ ಒಣಗಿ, ಆಡುಗಳ ಗೊರಸಿಗೆ ಸಿಕ್ಕಿ ಪುಡಿಯಾಗಿ ಬಿದ್ದಿತ್ತು. ಅವಳ ಬಾಯಲ್ಲಿ ನೀರೂರಿತು. ಐವತ್ತು ದಾಟಿದ ಹೆಂಗಸು ಗೊಬ್ಬರ ಕಂಡು ಬಾಯಲ್ಲಿ ನೀರೂರಿಸುವುದು ಎಲ್ಲಾದರೂ ಉಂಟೇ ಎಂದು ನಗಬೇಡಿ. ಬೋಳುಗುಡ್ಡದಲ್ಲಿ ಗಿಡ ಎಬ್ಬಿಸಲು ಹೊರಟವರಿಗೆ ಮಾತ್ರ ಗೊತ್ತು ಅದರ ಬೆಲೆ.

"ಫ್ಲೆಕ್," ಎಂದ ಅಪೋಲ್ಸ್, ಜೊಂಡಿನ ಚಾಪೆಯ ಗುಡಿಸಲ ಮುಂದೆ ಕೂತು ಕತ್ತರಿ ಮಸೆಯುತ್ತ. "ಆ ಹೆಂಗ್ಸಿಗೆ ಹೇಳು, ನನ್ನ ಗೊಬ್ಬರ ಮುಟ್ಬೇಡ ಅಂತ."

"ಫ್ಲೆಕ್, ಅವನ್ನ ಕೇಳು," ಎಂದಳು ದ್ರೀಕಾ. "ಈಗ ಗೊಬ್ಬರಾನೂ ತಿನ್ನೋಕೆ ಶುರು ಮಾಡಿದ್ದಾನಾ?"

"ಹೇಳು ಅವಳಿಗೆ. ಈ ವರ್ಷದ್ದು ಒಳ್ಳೇದಲ್ಲ. ಮುಟ್ಬೇಡ ಅಂದ್ರೆ ಮುಟ್ಬೇಡ, ಅಷ್ಟೆ."

"ಒಳ್ಳೇದಲ್ವಂತೆ! ಈ ಮನುಷ್ಯನ ಹತ್ರ ಇರೋದ್ರಲ್ಲಿ ಒಳ್ಳೇದು ಅಂತ ಇರೋದೇ ಅದೊಂದು."

ಯಾಕೆ ಒಳ್ಳೆಯದಲ್ಲ ಎಂದು ಒಂದು ಮಾತು ಕೇಳಿದ್ದರೆ ಅವನು ಹೇಳುತ್ತಿದ್ದನೋ ಏನೋ. ಅವಳು ಕೇಳಲಿಲ್ಲ. ನಿಜವಾಗಿ ತಿಳಿಯಬೇಕೆಂದು ಕೇಳುವ ಪ್ರಶ್ನೆಯನ್ನು ನಾಯಿಯ ಮೂಲಕ ಕೇಳಲಾಗುವುದಿಲ್ಲ. ಮುಖ ನೋಡಿ ಕೇಳಬೇಕು. ಅದಕ್ಕಿಂತ ಸಾಯುವುದು ಮೇಲು ಎಂದುಕೊಂಡು ಅವಳು ಖಾಲಿ ಗಾಡಿ ಹೊಡೆದುಕೊಂಡು ಹೋದಳು.

ಈ ಹಗೆಯ ಬೇರು ಇದ್ದದ್ದು ಊರ ಮೂಡಣ ಇಳಿಜಾರಿನಲ್ಲಿ. ಅಲ್ಲಿ ಇವರಪ್ಪನ ದೊಡ್ಡಿಯಿತ್ತು, ಇವರವ್ವ ಒಲೆ ಹೂಡಿದ ಕಲ್ಲುಗಳು ಇವತ್ತಿಗೂ ಅಲ್ಲೇ ಇವೆ. ಒಂದು ಕಾಲದಲ್ಲಿ ಆ ಇಳಿಜಾರಿನಲ್ಲಿ ಆಡಿಗೆ ಮೇವಾಗುವ ಕುರಿಗಿಡ, ಕುದುರೆಗಿಡ, ಉಪ್ಪುಗಿಡ ಎಲ್ಲ ಒಂದರ ಮೈಗೊಂದು ತಾಗಿಕೊಂಡು ಬೆಳೆದಿದ್ದವಂತೆ. ಅಪ್ಪನ ಆಡು, ಅಪೋಲ್ಸನ ಆಡು, ಊರವರ ಆಡು, ಎಲ್ಲ ಸೇರಿ ಮೇಯ್ದು ಮೇಯ್ದು ಕೊನೆಗೆ ಉಳಿದದ್ದು ದೊಡ್ಡಿಗಿಡ ಒಂದೇ. ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರಲ್ಲ, ಆ ಗಾದೆ ಮಾಡಿದವನು ದೊಡ್ಡಿಗಿಡ ಕಂಡಿರಲಿಕ್ಕಿಲ್ಲ. ಹಳದಿಗೆ ತಿರುಗಿದ ಹಸಿರು, ಕಹಿ ವಾಸನೆ. ಹೊಟ್ಟೆಗೆ ಬೆಂಕಿ ಬಿದ್ದರೆ ಮಾತ್ರ ಆಡು ಅದಕ್ಕೆ ಬಾಯಿ ಹಾಕುತ್ತದೆ, ಬಾಯಿ ಹಾಕಿದ್ದು ಉಳಿಯುವುದಿಲ್ಲ. ದ್ರೀಕಾಳ ಪಾಲಿಗೆ ಬಂದ ಕೆಲವೇ ಆಡುಗಳು ಒಂದು ಬರಗಾಲದಲ್ಲಿ ಅದನ್ನು ತಿಂದವು. ಹೊಟ್ಟೆ ಊದಿಸಿಕೊಂಡು ಬಿದ್ದದ್ದನ್ನು ಕೊಯ್ದರೆ ಒಳಗಿಂದ ಮಾಂಸಕ್ಕಿಂತ ಹೆಚ್ಚು ನೀರು ಬಂತು. ಕೈಯಲ್ಲಿ ಕತ್ತಿ ಹಿಡಿದು ಆ ನೀರು ಮಣ್ಣಿಗೆ ಇಂಗುವುದನ್ನು ನೋಡುತ್ತ ನಿಂತವಳು, ಮತ್ತೆ ಆಡು ಸಾಕಲಿಲ್ಲ.

ಅವಳು ಊರಿನ ಮೇವಿನ ಸಮಿತಿಯ ಮುಂದೆ ಕೂತು, ಹಟ ಹಿಡಿದು, ಜಗಳಾಡಿ, ಆ ಇಳಿಜಾರಿಗೆ ತಂತಿಬೇಲಿ ಹಾಕಿಸಿದಳು. ಅಪೋಲ್ಸ್ ತನ್ನ ದೊಡ್ಡಿ ಕಿತ್ತುಕೊಂಡು ಗುಡ್ಡದ ಹಿಂದಕ್ಕೆ ಹೋಗಬೇಕಾಯಿತು. ಹೋಗುವ ದಿನ ಅವ್ವನ ಒಲೆಕಲ್ಲಿನ ಹತ್ತಿರ ನಿಂತು, "ಫ್ಲೆಕ್, ನಮ್ಮಪ್ಪನ ಮನೆಯಿಂದ ನಮ್ಮನ್ನೇ ಓಡಿಸಿದ್ಲು ನೋಡೋ ಇವಳು," ಎಂದು ಉಗಿದ. ಅದೇ ಮೊದಲು, ಆಮೇಲೆ ಎಲ್ಲವೂ ನಾಯಿಗೇ.

ಬೇಲಿ ಹಾಕಿದ ಮಾತ್ರಕ್ಕೆ ಗಿಡ ಬರುವುದಿಲ್ಲ. ದ್ರೀಕಾ ಮತ್ತು ಅವಳ ಜೊತೆಯ ಹೆಂಗಸರು ದೊಡ್ಡಿಗಿಡ ಕಡಿದರು, ಅರ್ಧಚಂದ್ರದ ಗುಂಡಿ ತೋಡಿದರು, ದೂರದ ಕಮರಿಗಳಲ್ಲಿ ಉಳಿದಿದ್ದ ಕುರಿಗಿಡಗಳಿಂದ ರೆಕ್ಕೆಬೀಜ ಆರಿಸಿ ತಂದು, ಗೊಬ್ಬರದಲ್ಲಿ ಕಲಸಿ ಹಾಕಿದರು. ಕಡಿದ ದೊಡ್ಡಿಗಿಡವನ್ನೇ ಮೇಲೆ ಹೊದಿಸಿ ಗಾಳಿಗೆ, ಬಿಸಿಲಿಗೆ ಮರೆ ಮಾಡಿದರು. ಮೇಲಿನ ಅರ್ಧ ಹಾಗೆ ಎದ್ದಿತ್ತು. ಈ ವರ್ಷ ಕೆಳಗಿನ ಅರ್ಧ. ವಸಂತಕ್ಕೆ ಸಮಿತಿಯವರು ನೋಡಲು ಬರುತ್ತಾರೆ. ಆಡು ತಿನ್ನುವ ಗಿಡ ಇಳಿಜಾರಿನ ತುಂಬ ನಿಂತಿದ್ದರೆ ಬೇಲಿ ಇರುತ್ತದೆ, ಇಲ್ಲದಿದ್ದರೆ ತಂತಿ ಸುತ್ತಿ ಊರ ಆಡನ್ನೆಲ್ಲ ನುಗ್ಗಿಸುತ್ತಾರೆ. ಗುಂಡಿಗಳು ತಯಾರಿದ್ದವು, ಬೀಜವಿತ್ತು. ಗೊಬ್ಬರ ಮಾತ್ರ ಅಪೋಲ್ಸನ ದೊಡ್ಡಿಯಲ್ಲಿತ್ತು.

ಗೊಬ್ಬರ ಕೊಡೆಂದು ಬಾಯಿಬಿಟ್ಟು ಕೇಳದೆ ಇರಲು ಅವಳಿಗೆ ಇನ್ನೊಂದು ಕಾರಣವೂ ಇತ್ತು. ಈ ಬೆಟ್ಟದಲ್ಲಿ ಒಂದು ಕಟ್ಟಳೆಯಿದೆ: ಯಾರ ಗೊಬ್ಬರವೋ ಅವರ ಮೊದಲ ಮೇವು. ಗೋಧಿ ಹೊಲಕ್ಕೆ ಯಾರ ದೊಡ್ಡಿಯ ಗೊಬ್ಬರ ಬಿತ್ತೋ, ಕೊಯ್ಲಾದ ಮೇಲೆ ಕೂಳೆ ಮೇಯುವ ಹಕ್ಕು ಮೊದಲು ಅವರ ಆಡಿಗೆ. ಹೊಲದ ಯಜಮಾನ ಬಂದು ಕೇಳಬೇಕು, ದೊಡ್ಡಿಯ ಯಜಮಾನ ಮೊದಲ ಸಲಿಕೆ ತನ್ನ ಕೈಯಾರೆ ಗಾಡಿಗೆ ಹಾಕಬೇಕು. ಕೇಳಿದರೆ ಹಕ್ಕು ಕೊಟ್ಟ ಹಾಗೆ. ಕೇಳದೆ ತಂದರೆ ಯಾವ ಹಕ್ಕು, ಯಾವ ಮೇವು ಎಂಬುದು ದ್ರೀಕಾಳ ವಾದ.

ಮರುದಿನ ಭಾನುವಾರ. ಇಡೀ ಊರು ಚರ್ಚಿನಲ್ಲಿ ಹಾಡುತ್ತಿದ್ದಾಗ ಅವಳು ಮಿಟಾಳನ್ನು ಕರೆದುಕೊಂಡು ಗುಡ್ಡದ ಹಿಂದಕ್ಕೆ ಗಾಡಿ ಹೊಡೆದಳು. ಮಿಟಾ ಅವಳ ಜೊತೆ ಗುಂಡಿ ತೋಡುವ ವಿಧವೆ, ವಯಸ್ಸಿನಲ್ಲಿ ಕಿರಿಯಳು, ಬಾಯಲ್ಲಿ ಅಲ್ಲ. ದ್ರೀಕಾಳನ್ನು ತಾಂತ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದಳು.

"ತಾಂತ, ದೇವರ ದಿನ ಕಳ್ಳತನ ಮಾಡಿದ್ರೆ ಎರಡು ಪಾಪ ಬರುತ್ತಂತೆ."

"ಕಳ್ಳತನ ಏನೇ ಬಂತು? ನಮ್ಮಪ್ಪನ ಆಡುಗಳ ಮರಿಮಕ್ಕಳು ಹಾಕಿದ್ದು. ನಂಗೂ ಪಾಲಿದೆ. ತುಂಬು, ತುಂಬು."

"ಅವನು ಮುಟ್ಬೇಡ ಅಂದಿದ್ನಲ್ಲ?"

"ಮುಟ್ಬೇಡ ಅಂದಿದ್ದಕ್ಕೇ ಇನ್ನೂ ಎರಡು ಗಾಡಿ ಜಾಸ್ತಿ ಒಯ್ಯೋಣ."

ಸೋಮವಾರ ಅಪೋಲ್ಸ್ ಕೂಗಾಡುತ್ತ ಬರುತ್ತಾನೆಂದು ಅವಳು ಬೇಲಿಯ ಬಳಿ ಸೊಂಟಕ್ಕೆ ಕೈಕೊಟ್ಟು ಕಾದಳು. ಅವನು ಬಂದ. ಗುಂಡಿಗಳಲ್ಲಿ ಕಪ್ಪಗೆ ಕೂತಿದ್ದ ಗೊಬ್ಬರವನ್ನು ಒಂದೊಂದಾಗಿ ನೋಡಿದ, ಹಲ್ಲು ಕಿರಿದ, ನಾಯಿಗೂ ಏನೂ ಹೇಳದೆ ವಾಪಸ್ ಹೋದ. ಅವನು ಬೈದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು.

ಚಳಿಗಾಲಕ್ಕೆ ಬರಬೇಕಾದ ಮಳೆ ಆ ವರ್ಷ ಮುಂಚೆಯೇ ಬಂತು. ನೆಲದ ಕಾವು ಆರುವ ಮೊದಲೇ ಎರಡು ದಿನ ಜಿನುಗಿ ಹೋಯಿತು. ಹೊದಿಕೆ ಎತ್ತಿ ನೋಡಿದರೆ ಗುಂಡಿ ಗುಂಡಿಯಲ್ಲೂ ಮೊಳಕೆ. ಕುರಿಗಿಡದ ದಪ್ಪ ಎರಡೆಲೆಯನ್ನು ಬೆರಳ ತುದಿಯಿಂದ ಮುಟ್ಟಿ ದ್ರೀಕಾ ಅತ್ತೇಬಿಟ್ಟಳು. ಜನರ ಮುಂದೆ ಅಳುವವಳಲ್ಲ ಅವಳು, ಆವತ್ತು ಅತ್ತಳು. ಕೆಂಡದ ಮೇಲೆ ರೊಟ್ಟಿ ಸುಟ್ಟು, ಎಲ್ಲರಿಗೂ ಸಕ್ಕರೆ ಸುರಿದ ಕಾಫಿ ಕೊಟ್ಟಳು.

ಹತ್ತು ಹನ್ನೆರಡು ದಿನಕ್ಕೆ ಮಿಟಾ ಕೆಳಗಿನಿಂದ ಕೂಗಿದಳು.

"ತಾಂತ, ಬಾ ಇಲ್ಲಿ. ಇದ್ಯಾವುದು, ಗರಿ ಗರಿ ಎಲೆ? ನಾವು ಇದರ ಬೀಜ ಹಾಕಿಲ್ವಲ್ಲ?"

ದ್ರೀಕಾ ಬಗ್ಗಿ ನೋಡಿದಳು. ಕುರಿಗಿಡದ ಸಸಿಯ ಪಕ್ಕದಲ್ಲೇ, ಅದಕ್ಕಿಂತ ಎತ್ತರಕ್ಕೆ, ಸಣ್ಣ ಸಣ್ಣ ಗರಿಯೆಲೆ ಬಿಚ್ಚಿಕೊಂಡು ನಿಂತಿತ್ತು ಸೀಮೆಜಾಲಿ. ಮುಂದಿನ ಗುಂಡಿಯಲ್ಲಿ ಎರಡು. ಅದರಾಚೆಯದರಲ್ಲಿ ಒಂದು ಹಿಡಿ. ಕೆಳಗಿನ ಹೊಳೆಯ ಪಾತ್ರವನ್ನು ಆ ಜಾಲಿ ಹೇಗೆ ನುಂಗಿತೆಂದು ಅವಳು ಕಣ್ಣಾರೆ ಕಂಡಿದ್ದಳು. ಒಂದು ಬೇಸಿಗೆ ಬಿಟ್ಟರೆ ಬೇರು ಪಾತಾಳಕ್ಕೆ ಹೋಗುತ್ತದೆ; ಆಮೇಲೆ ಕಡಿದರೆ ಒಂದರ ಬದಲು ಹತ್ತು ಚಿಗುರುತ್ತದೆ, ಸುತ್ತಲಿನ ಗಿಡಕ್ಕೆ ಹನಿ ನೀರು ಬಿಡುವುದಿಲ್ಲ.

ಅವಳಿಗೆ ಆಗ ನೆನಪಾಯಿತು. ಬೇಸಿಗೆಯಿಡೀ ಅಪೋಲ್ಸನ ಗಾಡಿಯಲ್ಲಿ ಮೂಟೆಗಳು ಗುಡ್ಡದ ಹಿಂದಕ್ಕೆ ಹೋಗುವುದನ್ನು ಅವಳು ಕಂಡಿದ್ದಳು. ಜೋಳ ಕೊಂಡು ತಂದು ಆಡಿಗೆ ಸುರಿಯುತ್ತಿದ್ದಾನೆ, ಅಷ್ಟು ಸೊಕ್ಕು, ಎಂದು ಹೊಟ್ಟೆಕಿಚ್ಚು ಪಟ್ಟಿದ್ದಳು. ಜೋಳವಲ್ಲ ಅದು, ಹೊಳೆದಂಡೆಯ ಜಾಲಿಕಾಯಿ. ಇಳಿಜಾರು ತಪ್ಪಿದ ಮೇಲೆ ಬೇರೆ ಮೇವಿಲ್ಲದೆ ಅದನ್ನೇ ಆಡಿಗೆ ಹಾಕಿದ್ದ. ಕಾಯಿಯ ಸಿಹಿ ಆಡಿನ ಹೊಟ್ಟೆಗೆ, ಬೀಜ ಹಾಗೇ ಹಿಂದಿನಿಂದ ದೊಡ್ಡಿಗೆ. ಅವಳು ಅದನ್ನು ಗಾಡಿಗಟ್ಟಲೆ ಹೊತ್ತು ತಂದು, ತನ್ನ ಕೈಯಾರೆ ಗುಂಡಿ ಗುಂಡಿಗೂ ಹಾಕಿದ್ದಳು. ಮಾಡಿದ್ದುಣ್ಣೋ ಮಹಾರಾಯ.

ಅವಳು ಒಂದು ಜಾಲಿಸಸಿಯನ್ನು ಬೇರುಸಮೇತ ಕಿತ್ತು ಹಿಡಿದು ನೆಟ್ಟಗೆ ಗುಡ್ಡದ ಹಿಂದಕ್ಕೆ ನಡೆದಳು. ಅಪೋಲ್ಸ್ ಆಡಿನ ಗೊರಸು ಕತ್ತರಿಸುತ್ತಿದ್ದ.

"ಫ್ಲೆಕ್! ಕೇಳು ಆ ಪಾಪೀನ, ಇದೇನು ಅಂತ! ವಿಷ ಹಾಕಿದ್ದಾನೆ ನನ್ನ ನೆಲಕ್ಕೆ. ಒಡಹುಟ್ಟಿದವನು ಇವನು! ಹಾವು ಕೂಡ ತನ್ನ ಹುತ್ತದಲ್ಲಿ ವಿಷ ಕಕ್ಕಲ್ಲ!"

"ಫ್ಲೆಕ್," ಅವನು ತಲೆಯೆತ್ತಲಿಲ್ಲ, "ಮುಟ್ಬೇಡ ಅಂತ ನಾನು ಹೇಳಿದ್ನೋ ಇಲ್ವೋ? ನೀನೇ ಸಾಕ್ಷಿ ತಾನೆ?"

"ಯಾಕೆ ಅಂತ ಹೇಳಿದ್ನಾ, ಕೇಳು!"

"ಕೇಳದೆ ಇದ್ದವ್ರಿಗೆ ನಾನ್ಯಾಕೆ ಹೇಳ್ಲಿ, ಕೇಳು. ಇನ್ನೊಂದೂ ಹೇಳು ಅವಳಿಗೆ. ಯಾರ ಗೊಬ್ಬರವೋ ಅವರ ಮೊದಲ ಮೇವು. ವಸಂತಕ್ಕೆ ನನ್ನ ಆಡು ಆ ಬಾಗಿಲಲ್ಲಿ ನಿಂತಿರುತ್ತೆ, ತೆಗೆಯೋಕೆ ರೆಡಿ ಇರು ಅಂತ."

ಆ ಹಲ್ಲುಕಿರಿತದ ಅರ್ಥ ಆವತ್ತು ಅವಳಿಗೆ ಆಯಿತು. ಫ್ಲೆಕ್ ಎದ್ದು ಹೋಗಿ ನೆರಳಲ್ಲಿ ಮಲಗಿತು; ನಾಯಿಗೂ ಒಂದು ಮಿತಿ ಇರುತ್ತದಲ್ಲ.

ಅವಳು ಸುಮ್ಮನೆ ಕೂರುವವಳಲ್ಲ. ಜೊತೆಯವರನ್ನು ಕಟ್ಟಿಕೊಂಡು ಕಿತ್ತಳು, ಕಿತ್ತಳು. ಎಲೆ ಕಿತ್ತರೆ ಬೇರು ಉಳಿಯುತ್ತದೆ; ಗುದ್ದಲಿಯಿಂದ ಒಂದೊಂದನ್ನೇ ಅಗೆಯಬೇಕು, ಪಕ್ಕದ ಕುರಿಗಿಡದ ಸಸಿಗೆ ನೋವಾಗದ ಹಾಗೆ. ಒಂದು ಕಡೆ ಮುಗಿಸಿ ಬರುವಷ್ಟರಲ್ಲಿ ಇನ್ನೊಂದು ಕಡೆ ಹೊಸದು. ವಸಂತ ಬಂದು ಗುಡ್ಡವೆಲ್ಲ ಹೂವಾದಾಗಲೂ ಕೆಳಗಿನ ಅರ್ಧದಲ್ಲಿ ಗರಿಯೆಲೆ ಅಲ್ಲಲ್ಲಿ ಉಳಿದೇ ಇತ್ತು.

ಸಮಿತಿಯವರು ಬಂದ ದಿನ ಅರ್ಧ ಊರು ಹಿಂದೆ ಬಂತು. ಮುಂದೆ ಸಮಿತಿಯ ಯಜಮಾನ ಊಮ್ ಫ್ಲೋರಿಸ್. ಊರಿಗೆಲ್ಲ ಹಿರಿಯ, ಚಿಕ್ಕವರಿಗೂ ಮುದುಕರಿಗೂ ಅವನು ಊಮ್, ಅಂದರೆ ಮಾವ. ಬೇಲಿಯ ಬಾಗಿಲಿಗೆ ಒತ್ತಿಕೊಂಡು ಅಪೋಲ್ಸನ ಆಡುಗಳು ಆಗಲೇ ನಿಂತಿದ್ದವು, ಒಳಗಿನ ಹಸಿರು ನೋಡಿ ಅರಚುತ್ತ. ಊಮ್ ಫ್ಲೋರಿಸ್ ಮೇಲಿನ ಅರ್ಧದಲ್ಲಿ ನಡೆದಾಡಿ, ಕುರಿಗಿಡದ ಒಂದು ಎಲೆ ಕಿತ್ತು ಜಗಿದು, "ಐವತ್ತು ವರ್ಷ ಆಯ್ತು ಇಲ್ಲಿ ಇದರ ರುಚಿ ನೋಡಿ," ಎಂದ. ದ್ರೀಕಾಳ ಎದೆ ಹಗುರವಾಯಿತು.

ಅಷ್ಟರಲ್ಲಿ ಅಪೋಲ್ಸ್ ಟೋಪಿ ತೆಗೆದು ಮುಂದೆ ಬಂದ. "ಊಮ್, ನಂದು ಒಂದೇ ಮಾತು. ಕೆಳಗಿನ ಅರ್ಧಕ್ಕೆ ಬಿದ್ದಿರೋದು ನನ್ನ ದೊಡ್ಡಿ ಗೊಬ್ಬರ. ಕಟ್ಟಳೆ ಪ್ರಕಾರ ಮೊದಲ ಮೇವು ನಂದು. ಬಾಗ್ಲು ತೆಗೆಸಿ."

ಕೆಳಗಿನ ಅರ್ಧಕ್ಕೆ ಬಿಟ್ಟ ಆಡು ಮೇಲಿನ ಅರ್ಧ ತಿನ್ನದೆ ಬಿಡುತ್ತದೆಯೇ? ಗೆರೆ ಎಳೆದು ಯಾರು ಕಾಯುತ್ತಾರೆ? ಇವನ ಆಡು ಹೊಕ್ಕ ಮೇಲೆ ನೆರೆದೊಡ್ಡಿಯ ಹಾನ್ಸನ ಆಡು, ಹಾನ್ಸನದಾದ ಮೇಲೆ ಊರಿನದು. ಎಲ್ಲರಿಗೂ ಅದು ಗೊತ್ತಿತ್ತು. ಆಡುಗಳಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿ ಒಳಗೊಳಗೇ ಖುಷಿಪಟ್ಟರು.

"ಅವನ ಗೊಬ್ಬರ ಅಂತ ಯಾರು ಹೇಳಿದ್ದು?" ದ್ರೀಕಾ ಗಂಟಲೇರಿಸಿದಳು. "ಅವನು ಕೊಟ್ಟಿದ್ದನ್ನ ಯಾರಾದ್ರೂ ನೋಡಿದ್ದೀರಾ? ಮೊದಲ ಸಲಿಕೆ ಹಾಕಿದ್ನಾ ಅವನು?"

ಮಿಟಾ ಆಕಾಶ ನೋಡಿದಳು.

"ಸಾಕ್ಷಿ ಬೇಕಾ?" ಅಪೋಲ್ಸ್ ಬಗ್ಗಿ ಒಂದು ಜಾಲಿಸಸಿ ತೋರಿಸಿದ. ಅವನ ಮುಖ ಗೆದ್ದವನ ಮುಖ. "ಇದೇ ನನ್ನ ಸಾಕ್ಷಿ, ಊಮ್. ಈ ವರ್ಷ ಊರಲ್ಲಿ ಜಾಲಿಕಾಯಿ ತಿಂದಿದ್ದು ನನ್ನ ಆಡು ಮಾತ್ರ. ಬೇರೆ ಯಾರ ಗೊಬ್ಬರದಲ್ಲಿ ಇದು ಹುಟ್ಟುತ್ತೆ? ಪ್ರತಿ ಸಸಿಯೂ ನನ್ನ ಹೆಸರು ಹೇಳುತ್ತೆ. ಕೇಳದೆ ಒಯ್ದಿದ್ದಾಳೆ, ಅದನ್ನ ಕ್ಷಮಿಸಿದ್ದೀನಿ. ಹಕ್ಕು ಬಿಡಲ್ಲ."

ಜನ ಗುಜುಗುಜು ಎಂದರು. ಊಮ್ ಫ್ಲೋರಿಸ್ ತಲೆ ತೂಗಿದ. "ಕಟ್ಟಳೆ ಕಟ್ಟಳೇನೇ, ದ್ರೀಕಾ. ಕೇಳಿ ತಂದ್ರೂ ಅಷ್ಟೆ, ಕದ್ದು ತಂದ್ರೂ ಅಷ್ಟೆ."

ದ್ರೀಕಾಳ ಮೊಣಕಾಲು ತಿಂಗಳುಗಟ್ಟಲೆ ಊರಿ ಅಗೆದು ಚರ್ಮ ಸುಲಿದು ಉರಿಯುತ್ತಿತ್ತು. ಆ ಉರಿ ಅವಳಿಗೆ ಹೊಸದಲ್ಲ. ಚಿಕ್ಕಂದಿನಲ್ಲಿ ಒಂದು ಚಳಿಗಾಲವಿಡೀ ಅವಳೂ ಅಪೋಲ್ಸನೂ ಇದೇ ರೀತಿ ಮೊಣಕಾಲು ಸುಲಿಸಿಕೊಂಡು ಒಂದು ಗೋಧಿ ಹೊಲದಲ್ಲಿ ತೆವಳಿದ್ದರು. ಮುಂದೆ ಅಪ್ಪ, ಹಿಂದೆ ಇವರಿಬ್ಬರು. ಕೈಗೆ ಚಳಿ ಹಿಡಿದು ಅಪೋಲ್ಸ್ ಅಳುತ್ತಿದ್ದ, ಅವಳು ಅವನ ಬೆರಳಿಗೆ ಉಸಿರೂದುತ್ತಿದ್ದಳು. ಅದು ಯಾರ ಹೊಲವೆಂದು ನೆನಪಾದ ಕೂಡಲೆ ಅವಳು ತಲೆಯೆತ್ತಿದಳು.

"ಆಯ್ತು, ಊಮ್. ಒಪ್ಕೊಂಡೆ. ಗೊಬ್ಬರ ಅವನದೇ. ನಾನೇ ಒಯ್ದೆ, ಭಾನುವಾರ, ನೀವೆಲ್ಲ ಹಾಡ್ತಾ ಇದ್ದಾಗ."

ಅಪೋಲ್ಸನ ಬಾಯಿ ಕಿವಿಯವರೆಗೆ ಹೋಯಿತು.

"ಈಗ ನೀವು ಒಂದು ಹೇಳಿ, ಊಮ್. ನಾವು ಚಿಕ್ಕವರಿದ್ದಾಗ ನಮ್ಮಪ್ಪ ಒಂದು ಚಳಿಗಾಲ ಪೂರ್ತಿ ನಿಮ್ಮ ಗೋಧಿ ಹೊಲದಲ್ಲಿ ಮಂಡಿಯೂರಿ ಕಳೆ ಕಿತ್ತಿದ್ದು ಯಾಕೆ? ನಿಮ್ಮ ಮನೆ ಕೂಲಿಯವನಾಗಿದ್ನಾ ಅವನು?"

ಮುದುಕನ ಹೊಟ್ಟೆ ಕುಣಿಯತೊಡಗಿತು. ನಗು ಬಾಯಿಗೆ ಬರುವಷ್ಟರಲ್ಲಿ ಕಣ್ಣಲ್ಲಿ ನೀರಿತ್ತು. "ಯಾರ ಗೊಬ್ಬರವೋ ಅವರ ಮೊದಲ ಮೇವು," ಎಂದ. "ಯಾರ ಗೊಬ್ಬರವೋ ಅವರದೇ ಕಳೆ! ಹೌದೌದು. ನಿಮ್ಮಪ್ಪನ ಗೊಬ್ಬರದಲ್ಲಿ ನನ್ನ ಹೊಲಕ್ಕೆ ಮುಳ್ಳುಕಳೆ ಬಂದಿತ್ತು. ಕಳೆ ಪೂರಾ ತೆಗೆಯೋವರೆಗೆ ಕೂಳೆಗೆ ಅವನ ಆಡು ಬಿಟ್ಟಿರ್ಲಿಲ್ಲ ನಾನು. ಮರ್ತೇಬಿಟ್ಟಿದ್ದೆ. ಎಲ್ಲರೂ ಮರ್ತಿದ್ರು. ಅಪೋಲ್ಸ್, ನೀನೂ ಇದ್ದೆಯಲ್ಲೋ ಅಲ್ಲಿ, ಮೂಗು ಸುರಿಸ್ಕೊಂಡು!"

"ಪ್ರತಿ ಸಸಿಯೂ ಅವನ ಹೆಸರು ಹೇಳುತ್ತಂತೆ, ಊಮ್," ಎಂದಳು ದ್ರೀಕಾ. "ಹೆಸರು ಹಿಡಿದು ಕರೆದು ಕರೆದು ಕೀಳ್ಲಿ."

ಗುಡ್ಡವೇ ನಕ್ಕಿತು. ಆಡುಗಳಿದ್ದವರೂ ನಕ್ಕರು, ಅಪೋಲ್ಸ್ ಸೋಲುವುದನ್ನು ನೋಡುವ ಭಾಗ್ಯ ದಿನಾ ಸಿಗುವುದಿಲ್ಲ. ತೀರ್ಮಾನ ಅಲ್ಲೇ ಆಯಿತು: ಇಳಿಜಾರಿನಲ್ಲಿ ಜಾಲಿ ಇರುವವರೆಗೆ ಬೇಲಿ ಇರುತ್ತದೆ, ಕೀಳಬೇಕಾದವನು ಅಪೋಲ್ಸ್. ಪ್ರತಿ ವಸಂತ ಸಮಿತಿ ಬಂದು ನೋಡುತ್ತದೆ. ಜಾಲಿ ಒಂದೂ ಇಲ್ಲವೆಂದು ಕಂಡ ದಿನ ಬಾಗಿಲು ತೆಗೆಯುತ್ತದೆ, ಮೊದಲು ಅಪೋಲ್ಸನ ಆಡಿಗೆ, ಆಮೇಲೆ ಊರಿಗೆ. ಅಪೋಲ್ಸ್ ಟೋಪಿಯನ್ನು ನೆಲಕ್ಕೆ ಬಡಿದು, ಆಡುಗಳನ್ನು ಬೈಯುತ್ತ ಹೋದ.

ಅಲ್ಲಿಂದ ದ್ರೀಕಾಳ ಬದುಕಿನ ಸುಖದ ಕಾಲ ಶುರುವಾಯಿತು ಎಂದರೆ ತಪ್ಪಲ್ಲ. ಮೊದಲ ಮಳೆ ಬಿದ್ದು ಜಾಲಿ ಮೊಳೆತ ಕೂಡಲೆ ಅಣ್ಣ ಗುದ್ದಲಿ ಹಿಡಿದು ಬರುತ್ತಿದ್ದ. ಅವಳು ಅವ್ವನ ಒಲೆಕಲ್ಲಿನ ಮೇಲೆ ಕಾಫಿ ಹಿಡಿದು ಕೂರುತ್ತಿದ್ದಳು.

"ಫ್ಲೆಕ್, ಆ ಕುರುಡನಿಗೆ ಹೇಳು, ಎಡಗಡೆ ಕಲ್ಲಿನ ಹತ್ರ ಒಂದು ಬಿಟ್ಟಿದ್ದಾನೆ."

"ಫ್ಲೆಕ್, ಆ ಮಹಾರಾಣಿಗೆ ಹೇಳು, ಕಾಫಿ ಗಂಟಲಿಗೆ ಸಿಕ್ಕಿಸ್ಕೊಂಡು ಸಾಯ್ಲಿ ಅಂತ."

"ನಿಧಾನ ಅಂತ ಹೇಳು! ಕುರಿಗಿಡದ ಬೇರಿಗೆ ಗುದ್ದಲಿ ತಾಗುತ್ತೆ!"

"ಹೊಟ್ಟೆಯಿಂದ ಬರ್ತಾನೇ ಗುದ್ದಲಿ ಹಿಡ್ಕೊಂಡು ಬಂದ್ಲು ಅನ್ನೋ ಹಾಗೆ ಮಾತಾಡ್ತಾಳೆ ನೋಡು ಇವಳು."

ಮೊದಲ ವರ್ಷ ಅವನು ಕುರಿಗಿಡಗಳನ್ನು ತುಳಿದುಕೊಂಡೇ ಓಡಾಡಿದ. ಎರಡನೆಯ ವರ್ಷ ಸುತ್ತಿಕೊಂಡು ಓಡಾಡುವುದನ್ನು ಅವಳು ಕಂಡಳು. ಆ ಚಳಿಗಾಲದಲ್ಲೇ ಒಮ್ಮೆ ಹಾನ್ಸನ ಆಡು ಬೇಲಿ ನುಸುಳಿ ಒಳಗೆ ಬಂತು. ಅಪೋಲ್ಸ್ ಅದನ್ನು ಕಲ್ಲು ತೂರಿ ಓಡಿಸಿ, ಹಾನ್ಸನ ಮನೆಬಾಗಿಲಿಗೇ ಹೋಗಿ ಅವನ ಏಳು ತಲೆಮಾರನ್ನೂ ಬೈದು ಬಂದ. ತನ್ನ ಮೇವಿನ ಮೇಲೆ ಆಸೆಯಿರುವವನು ಬೈಯದೆ ಇನ್ನೇನು ಮಾಡುತ್ತಾನೆ ಎಂದಳು ದ್ರೀಕಾ, ಮಿಟಾ ಕೇಳಿದ್ದಕ್ಕೆ.

ಮೂರನೆಯ ಚಳಿಗಾಲದಲ್ಲಿ ಫ್ಲೆಕ್ ಸತ್ತಿತು. ಅಪೋಲ್ಸ್ ಅದನ್ನು ಬೇಲಿಯ ಬಾಗಿಲ ಹೊರಗೆ ಹೂತ. ಆಮೇಲೆ ಇಬ್ಬರ ನಡುವೆ ಬೈಗುಳವೂ ನಿಂತುಹೋಯಿತು. ಅವನು ಸದ್ದಿಲ್ಲದೆ ಅಗೆದು ಹೋಗುತ್ತಿದ್ದ, ಅವಳು ಸದ್ದಿಲ್ಲದೆ ಕೂರುತ್ತಿದ್ದಳು. ಕಾಫಿ ರುಚಿಸುತ್ತಿರಲಿಲ್ಲ.

ಆ ವರ್ಷವೇ ಕುರಿಗಿಡಗಳು ಇಳಿಜಾರಿನ ತುಂಬ ಮೊದಲ ಸಲ ಬೀಜ ಕಟ್ಟಿದವು. ಎಳೆಯ ರೆಕ್ಕೆಬೀಜ, ಇನ್ನೂ ಹಸಿರು. ಅದು ಬಲಿತು, ಗಾಳಿಗೆ ಹಾರಿ, ದೊಡ್ಡಿಗಿಡದ ಬುಡದಲ್ಲಿ ಬಿದ್ದು ತಾನಾಗಿ ಹುಟ್ಟಿದರೆ ಮಾತ್ರ ಗುಡ್ಡ ಉಳಿದ ಹಾಗೆ. ಮನುಷ್ಯ ಹಾಕಿದ ಗಿಡ ಎಷ್ಟಿದ್ದರೇನು, ಮನುಷ್ಯನ ಹಾಗೆ ಒಂದು ದಿನ ಹೋಗುತ್ತದೆ. ಈಗ ಆಡು ಹೊಕ್ಕರೆ ಮೊದಲು ಕಚ್ಚುವುದೇ ಆ ಬೀಜವನ್ನು. ಸಮಿತಿ ನಾಳೆ ಬರುವುದಿತ್ತು. ದ್ರೀಕಾ ಇಳಿಜಾರನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹುಡುಕಿದಳು. ಜಾಲಿಯ ಒಂದು ಗರಿಯೂ ಕಾಣಲಿಲ್ಲ; ಅಂದರೆ ನಾಳೆ ಬಾಗಿಲು ತೆಗೆದಂತೆಯೇ. ಅಪೋಲ್ಸ್ ಕೆಲಸವನ್ನು ಚೆನ್ನಾಗಿ ಮಾಡಿದ್ದ, ದರಿದ್ರದವನು.

ಮಧ್ಯಾಹ್ನ ಅವಳು ಯಾರಿಗೂ ಹೇಳದೆ ಹೊಳೆದಂಡೆಗೆ ಹೋದಳು. ಅಂಗೈಯಗಲದ ಒಂದು ಜಾಲಿಸಸಿಯನ್ನು ಮಣ್ಣುಸಮೇತ ಎತ್ತಿ ಕಾಫಿಡಬ್ಬಿಯಲ್ಲಿಟ್ಟಳು. ಯಾವ ಮುಳ್ಳನ್ನು ಅವಳು ದೆವ್ವವೆಂದು ಶಪಿಸಿದ್ದಳೋ ಅದನ್ನು ತಾನೇ ಹೊತ್ತುಕೊಂಡು ಹೋಗಿ ತನ್ನ ಗುಡ್ಡದಲ್ಲಿ ನೆಡಬೇಕು. ಬೇಲಿಯೇ ಎದ್ದು ಹೊಲ ಮೇಯ್ದರೂ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಡಬ್ಬಿಯನ್ನು ಶಾಲಿನೊಳಗೆ ಬಚ್ಚಿಟ್ಟುಕೊಂಡು ಬೇಲಿಯೊಳಗೆ ಬಂದರೆ, ಅಪೋಲ್ಸ್ ಅಲ್ಲಿದ್ದ. ಅವ್ವನ ಒಲೆಕಲ್ಲಿನ ಹಿಂದೆ, ಅವಳು ದಿನಾ ಬೆನ್ನು ಹಾಕಿ ಕೂರುತ್ತಿದ್ದ ಕಡೆ, ಕುಕ್ಕರಗಾಲಲ್ಲಿ ಕೂತಿದ್ದ. ಎರಡು ಒಲೆಕಲ್ಲುಗಳ ಸಂದಿನಲ್ಲಿ, ಕಡಿದ ದೊಡ್ಡಿಗಿಡದ ಮರೆಯಲ್ಲಿ, ಒಂದು ಜಾಲಿಸಸಿ. ಸುತ್ತ ಸಣ್ಣ ಕಲ್ಲಿನ ಉಂಗುರ. ತುದಿಯನ್ನು ಚಿವುಟಿ ಚಿವುಟಿ ಗಿಡ್ಡವಾಗಿಟ್ಟಿದ್ದ. ಬುಡದ ಮಣ್ಣು ಒದ್ದೆಯಿತ್ತು. ಅವನು ಮೇಲಿನ ಮರೆಯನ್ನು ತೆಗೆದು ಪಕ್ಕಕ್ಕಿಡುತ್ತಿದ್ದ, ನಾಳೆ ಬರುವವರ ಕಣ್ಣಿಗೆ ಬೀಳುವ ಹಾಗೆ.

ಅವಳ ಹೆಜ್ಜೆಯ ಸದ್ದು ಕೇಳಿ ಅವನು ತಿರುಗಿದ. ಅವಳ ಮುಖ ನೋಡಲಿಲ್ಲ. ಶಾಲಿನಡಿಯಿಂದ ಇಣುಕುತ್ತಿದ್ದ ಗರಿಯೆಲೆಯನ್ನು ನೋಡಿದ. ಹೇಳಲು ನಾಯಿ ಇರಲಿಲ್ಲ. ಕೊನೆಗೆ ತನ್ನ ಕಾಲಬಳಿಯ ಜಾಲಿಸಸಿಯ ಕಡೆ ಬಗ್ಗಿದ.

"ಏ ಜಾಲಿ," ಎಂದ. "ಆ ಹೆಂಗ್ಸಿಗೆ ಹೇಳು, 'ನಾನೊಬ್ಬ ಸಾಕು' ಅಂತ. ಎರಡು ಇದ್ರೆ ಫ್ಲೋರಿಸ್‌ಗೆ ಅನುಮಾನ ಬರುತ್ತೆ."

ದ್ರೀಕಾ ಕೂಡ ಸಸಿಯ ಕಡೆ ಬಗ್ಗಿದಳು. "ಏ ಜಾಲಿ," ಎಂದಳು. "ಕೇಳು ಅವನ್ನ, ಅವನ ಆಡಿಗೆ ಮೇವು ಬೇಡ್ವಾ?"

"ನನ್ನ ಆಡಿನ ಹಿಂದೇನೇ ಹಾನ್ಸನ ಆಡು ಬರುತ್ತೆ, ಹೇಳು ಅವಳಿಗೆ. ಮೂರು ವರ್ಷ ಮಂಡಿ ಸವೆಸಿದ್ದು ನಾನು. ಆ ಕಳ್ಳನ ಆಡಿಗೆ ತಿನ್ನಿಸೋಕಾ?" ಅವನು ಮೊಣಕಾಲು ಹಿಡಿದುಕೊಂಡು ಎದ್ದ. "ಅವಳಿಗೋಸ್ಕರ ನಿನ್ನ ಉಳಿಸಿದ್ದು ಅಂತ ಮಾತ್ರ ತಿಳ್ಕೋಬೇಡ ಅಂತ ಹೇಳು."

ಅವಳು ಡಬ್ಬಿಯಿಂದ ತನ್ನ ಸಸಿಯನ್ನು ಕಿತ್ತು, ಬೇರನ್ನು ಎರಡು ತುಂಡು ಮಾಡಿ ಬೇಲಿಯಾಚೆ ಎಸೆದಳು.

ಮರುದಿನ ಊಮ್ ಫ್ಲೋರಿಸ್ ಇಳಿಜಾರನ್ನೆಲ್ಲ ಸುತ್ತಿ, ಆಡುಗಳಿದ್ದವರ ಮುಖ ಅರಳುತ್ತಿದ್ದಾಗ, ದಣಿವಾಯಿತೆಂದು ಒಲೆಕಲ್ಲಿನ ಮೇಲೆ ಕೂತ. ಕೋಲು ಪಕ್ಕಕ್ಕಿಟ್ಟವನು ಕೆಳಗೆ ನೋಡಿದ. ಕಲ್ಲಿನ ಉಂಗುರ ಆಗ ಇರಲಿಲ್ಲ. ಯಾರೋ ಬೆಳಗ್ಗೆಯೇ ಬಂದು ಚೆಲ್ಲಾಡಿದ್ದರು. ಬುಡದ ಒದ್ದೆ ಮಣ್ಣಿನ ಮೇಲೂ ಒಣ ಮಣ್ಣು ಉದುರಿಸಿದ್ದರು. ಅವನು ಕೋಲಿನ ತುದಿಯಿಂದ ಸಸಿಯನ್ನು ಮುಟ್ಟಿ ನಿಟ್ಟುಸಿರಿಟ್ಟ.

"ಒಂದಿದೆ. ಬೇಲಿ ಇರ್ಲಿ, ಮುಂದಿನ ವರ್ಷ ನೋಡೋಣ. ಅಪೋಲ್ಸ್, ಇಷ್ಟು ದೊಡ್ಡದು ನಿನ್ನ ಕಣ್ಣಿಗೆ ಬೀಳ್ಲಿಲ್ವೇನೋ?"

"ವಯಸ್ಸಾಯ್ತು, ಊಮ್."

"ವಯಸ್ಸಲ್ಲ, ಸೋಮಾರಿತನ!" ಎಂದಳು ದ್ರೀಕಾ, ಎಲ್ಲರಿಗೂ ಕೇಳುವ ಹಾಗೆ. "ಹುಟ್ಟು ಸೋಮಾರಿ!"

ಅಪೋಲ್ಸ್ ಸರಕ್ಕನೆ ತಿರುಗಿದ. ಅವಳ ಕಣ್ಣಲ್ಲಿ ಕಣ್ಣಿಟ್ಟ.

"ನೀನು ಬಾಯಿ ಮುಚ್ಚೇ, ಗಯ್ಯಾಳಿ," ಎಂದ.

ಬೇಲಿ ಹಾಕಿದ ದಿನದಿಂದ ಇಲ್ಲಿಯವರೆಗೆ ಅವನು ಅವಳೊಂದಿಗೇ ಆಡಿದ ಮೊದಲ ಮಾತು ಅದು. ದ್ರೀಕಾ ಬಾಯಿ ಮುಚ್ಚಿದಳು.